ಒಂದೇ ಕೆರೆ, ಹಲವು ಥೀಸಿಸ್: ಸಂಶೋಧನೆಯ ಬಗೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಎಚ್‌ಡಿಗೆ ಅರ್ಜಿ ಹಾಕಲು ಹೊರಟವರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ನಿಯಮಗಳ ಬಗ್ಗೆ, ಇನ್ನರ್ಧ ‘ನಮ್ಮ ವಿಷಯದಲ್ಲಿ ಸಂಶೋಧನೆ ಅಂದರೆ ಕೂತು ಮಾಡುವುದಾದರೂ ಏನು’ ಎಂಬುದರ ಬಗ್ಗೆ. ಇಲ್ಲಿ ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಉದಾಹರಣೆಗೆ ಬಯಲುಸೀಮೆಯ ಊರುಗಳಲ್ಲಿ ಕಾಣುವಂಥ ಒಂದು ಹಳೆಯ ಕೆರೆಯನ್ನು ಇಟ್ಟುಕೊಂಡಿದ್ದೇವೆ. ಕೆರೆ ಸಾಲದಿದ್ದಾಗ ಅದನ್ನು ಬಿಟ್ಟು ಆಚೆಗೂ ಹೋಗಿದ್ದೇವೆ.

ಸಂಶೋಧನೆ ಅಂದರೆ ಲ್ಯಾಬಿನಲ್ಲಿ ನಡೆಯುವುದಲ್ಲವೇ? ಕನ್ನಡ, ಇತಿಹಾಸ ಓದಿದವರು ‘ಕಂಡುಹಿಡಿಯುವುದು’ ಏನನ್ನು?

ಕೆರೆಯ ಏರಿ ಮೇಲೆ ನಿಂತು ನೋಡಿ. ಪರಿಸರ ವಿಜ್ಞಾನದವರು ನೀರಿಗೆ ಬಾಟಲಿ ಅದ್ದುತ್ತಿರುತ್ತಾರೆ. ಸಿವಿಲ್ ಎಂಜಿನಿಯರಿಂಗ್‌ನವರು ಹೂಳು ಎಷ್ಟು ತುಂಬಿದೆ, ದೊಡ್ಡ ಮಳೆ ಬಂದರೆ ಕೋಡಿ ತಾಳುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. ಸಸ್ಯಶಾಸ್ತ್ರದವರು ಅದೇ ಹೂಳಿನ ಪದರಗಳಲ್ಲಿ ಹಳೆಯ ಪರಾಗ ಹುಡುಕಿ, ಸುತ್ತಲಿನ ಕಾಡು ಯಾವಾಗ ಹೊಲವಾಯಿತು ಎಂದು ಕೇಳುತ್ತಾರೆ. ತೂಬಿನ ಪಕ್ಕದ ಕಲ್ಲಿನ ಮುಂದೆ ಶಾಸನ ಓದುವವರು ಕೂತಿರುತ್ತಾರೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆಯೇ ಎಂಬುದು ಅರ್ಥಶಾಸ್ತ್ರದವರ ಪ್ರಶ್ನೆ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಮಾತನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಂಬುದು ಸಮಾಜಶಾಸ್ತ್ರದವರದು. ಜಾನಪದದವರಿಗೆ ಕೆರೆಗೆ ಬಲಿಯಾದ ಸೊಸೆಯ ಹಾಡಿನಲ್ಲಿ ಆ ಊರಿನವರು ಹಾಡುವ ಪಾಠ (ರೂಪ) ಬೇಕು.

ಇನ್ನು ಕಂಡುಹಿಡಿಯುವುದರ ಮಾತು. ‘ಬಿತ್ತುವಟ್ಟ’ ಎಂಬ ಪದ ಕೆರೆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇವತ್ತು ಅದನ್ನು ಆಡುವವರಿಲ್ಲ. ಅದು ಬರುವ ಸಾಲುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ, ಕೆರೆ ಕಟ್ಟಿಸಿದ್ದಕ್ಕೆ ಅಥವಾ ನೋಡಿಕೊಳ್ಳುವುದಕ್ಕೆ ಬಿಟ್ಟುಕೊಟ್ಟ ಭೂಮಿ ಎಂಬ ಅರ್ಥ ನಿಂತಿತು. ಅಲ್ಲಿಗೆ ಕೆರೆಯ ದುರಸ್ತಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಇದೂ ಕಂಡುಹಿಡಿದದ್ದೇ. ಬಳಸಿದ ಉಪಕರಣ ಬೇರೆ, ಅಷ್ಟೆ.

ಕೆರೆ ನೀರಿನ ಆಮ್ಲಜನಕ ಅಳೆದರೆ ಪ್ರತಿ ಸಲ ಬೇರೆ ಬೇರೆ ಅಂಕಿ ಬರುತ್ತದೆ. ತಪ್ಪು ಎಲ್ಲಿ?

ಹೆಚ್ಚಿನ ಸಲ ತಪ್ಪು ಗಡಿಯಾರದಲ್ಲಿರುತ್ತದೆ. ಪಾಚಿ ಹಸಿರುಗಟ್ಟಿದ ಕೆರೆಯಲ್ಲಿ ಹಗಲು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಏರುತ್ತದೆ, ರಾತ್ರಿಯೆಲ್ಲ ಉಸಿರಾಟದಿಂದ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 8.2 ಮಿಲಿಗ್ರಾಂ. ಪಾಚಿ ತುಂಬಿದ ಕೆರೆ ಮಧ್ಯಾಹ್ನ ಎರಡಕ್ಕೆ ಅದನ್ನು ಮೀರಬಹುದು, ಬೆಳಗಿನ ಜಾವ ಮೀನು ಸಾಯುವ ಮಟ್ಟಕ್ಕೂ ಇಳಿಯಬಹುದು. ಒಂದು ತಿಂಗಳು ಬೆಳಿಗ್ಗೆ ಏಳಕ್ಕೆ, ಮುಂದಿನ ತಿಂಗಳು ಊಟ ಮುಗಿಸಿಕೊಂಡು ಹೋಗಿ ಅಳೆದರೆ ನೀವು ಅಳೆದದ್ದು ಮಾಲಿನ್ಯವನ್ನಲ್ಲ, ಹೊತ್ತನ್ನು.

ಎರಡನೆಯ ತಪ್ಪು ಬಾಟಲಿಯಲ್ಲಿ. ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನಕ್ಕೆ 300 ಮಿ.ಲೀ. ಬಿಒಡಿ (ಕೊಳೆ ಕರಗಿಸುವ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಬಾಟಲಿಯನ್ನು ಗುಳ್ಳೆ ಏಳದಂತೆ ಅಂಚು ಮೀರಿ ಹರಿಯುವವರೆಗೆ ತುಂಬಿ, ಅಲ್ಲೇ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಅಝೈಡ್ ದ್ರಾವಣವನ್ನು ತಲಾ 1 ಮಿ.ಲೀ. ಹಾಕಬೇಕು. ಪಿಪೆಟ್ಟಿನ ತುದಿ ನೀರಿನೊಳಗೆ ಮುಳುಗಿರಲಿ. ಕಂದು ಗಸಿ ಕೂತರೆ ಆಮ್ಲಜನಕ ಇದೆ, ಬಿಳಿ ಗಸಿಯಾದರೆ ಇಲ್ಲವೆಂದೇ ಲೆಕ್ಕ. ಆಮೇಲೆ ಗಂಧಕಾಮ್ಲ ಹಾಕಿ ಗಸಿ ಕರಗಿಸಿ, 200 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಬಿಟ್ಟು ಅಳೆದರೆ), ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿಲಿಗ್ರಾಂ. ಸ್ಟಾರ್ಚನ್ನು ದ್ರಾವಣ ತೆಳು ಹುಲ್ಲಿನ ಬಣ್ಣಕ್ಕೆ ಬಂದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದು ಕೊಡುವ ನೀಲಿ ಬಣ್ಣ ಹೋಗುವ ಗಳಿಗೆ ಸರಿಯಾಗಿ ಸಿಗುವುದಿಲ್ಲ. ಗಸಿ ಕೂರಿಸದೆ ಬಾಟಲಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಲ್ಯಾಬಿಗೆ ತಂದವರು ಟೈಟ್ರೇಶನ್ ಮಾಡದಿದ್ದರೂ ನಷ್ಟವಿಲ್ಲ.

ಬಿಒಡಿ ಹೋಲಿಸುವಾಗ ಇನ್ನೊಂದು ಎಚ್ಚರ: ಹಳೆಯ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಎಂದಿರುತ್ತದೆ, ಭಾರತೀಯ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಶಾಸನಕ್ಕೆ ಫೋನಿನಲ್ಲಿ ಫೋಟೊ ಹೊಡೆದರೆ ಸಾಲದೇ? ಪಡಿಯಚ್ಚು ಇನ್ನೂ ಯಾಕೆ?

ಸವೆದ ಕಲ್ಲಿನಲ್ಲಿ ಅಕ್ಷರದ ಆಳ ಕೂದಲೆಳೆಯಷ್ಟಿರುತ್ತದೆ. ಮಧ್ಯಾಹ್ನದ ನೇರ ಬಿಸಿಲಲ್ಲಿ ತೆಗೆದ ಫೋಟೊದಲ್ಲಿ ಅದು ಬರುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬೆಳಕಿನಲ್ಲಿ, ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಮೈಗೆ ಒತ್ತಿ ಪಕ್ಕದಿಂದ ಬಿಟ್ಟು ತೆಗೆದರೆ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಆ ಸೌಲಭ್ಯ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಇಲ್ಲದ ಕಡೆ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಅಚ್ಚು, ಬೇಕೇ ಬೇಕು. ಅದರ ಕ್ರಮ ಹೀಗೆ. ತೆಂಗಿನ ನಾರು ಅಥವಾ ಪ್ಲಾಸ್ಟಿಕ್ ಬ್ರಷ್ಷಿನಿಂದ ನೀರು ಹಾಕಿ ಕಲ್ಲನ್ನು ತೊಳೆಯಿರಿ. ತಂತಿ ಬ್ರಷ್, ಆಸಿಡ್ ಹತ್ತಿರ ತರಬೇಡಿ. ನೀರು ಹೀರುವ ಮೃದು ಕಾಗದವನ್ನು ತೋಯಿಸಿ ಕಲ್ಲಿಗೆ ಹೊದಿಸಿ, ನಡುವಿನಿಂದ ಅಂಚಿಗೆ ಗಾಳಿ ತಳ್ಳಿ. ಗಟ್ಟಿ ಕೂದಲಿನ ಬ್ರಷ್ಷಿನಿಂದ ನೇರವಾಗಿ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗೀರಿನೊಳಗೆ ಇಳಿಯುತ್ತದೆ. ನೀರು ಇಂಗಿ ಕಾಗದ ಬರೀ ತೇವವಾಗಿರುವಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲಿಂದ ಮೇಲೆ ತಟ್ಟಿ. ಮೈ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದ ಪೂರ್ತಿ ಒದ್ದೆ ಇರುವಾಗಲೇ ಮಸಿ ಹಾಕಿದರೆ ಅದು ಹರಡಿ ಕಲ್ಲಿಗೂ ಇಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ತಡ ಮಾಡಿದರೆ ಕಾಗದ ಒಣಗಿ ಎದ್ದು ಬರುತ್ತದೆ. ಒಣಗಿದ ಮೇಲೆ ಬಿಡಿಸಿ, ಹಿಂಬದಿಯಲ್ಲಿ ಊರು, ಜಾಗ, ಕಲ್ಲಿನ ಯಾವ ಮುಖ, ದಿನಾಂಕ ಬರೆದುಬಿಡಿ. ಸಂಜೆಗೆ ಬರೆಯೋಣ ಎಂದು ಸುತ್ತಿಟ್ಟ ನಾಲ್ಕು ಹಾಳೆಗಳಲ್ಲಿ ಯಾವುದು ಯಾವ ಮುಖದ್ದೆಂದು ಆಮೇಲೆ ಹೇಳಲಾಗುವುದಿಲ್ಲ.

ಅಕ್ಷರದ ಮೇಲೆ ಸೀಮೆಸುಣ್ಣ ತೀಡಿ ಫೋಟೊ ತೆಗೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ಕಲ್ಲಿನಲ್ಲಿರುವುದನ್ನು ತೋರಿಸುವುದಿಲ್ಲ, ತೀಡಿದವರು ಓದಿಕೊಂಡದ್ದನ್ನು ತೋರಿಸುತ್ತದೆ.

ಕಾಲ ಗೊತ್ತಾಗಲು ಶಾಸನದ ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಬಹುದಲ್ಲ?

ಆಗುವುದಿಲ್ಲ. ಆ ವಿಧಾನ ಹಿಂದೊಮ್ಮೆ ಜೀವವಿದ್ದ ವಸ್ತುವಿಗೆ ಮಾತ್ರ: ಇದ್ದಿಲು, ಕಾಳು, ಮೂಳೆ, ಮರ. ಗ್ರಾನೈಟಿಗೆ ಅನ್ವಯವಾಗುವ ಬೇರೆ ವಿಧಾನಗಳು ಕಲ್ಲು ಹುಟ್ಟಿದ ಕಾಲವನ್ನು ಕೋಟಿ ವರ್ಷಗಳಲ್ಲಿ ಹೇಳುತ್ತವೆ, ಉಳಿ ಬಿದ್ದ ಕಾಲವನ್ನಲ್ಲ. ಏರಿಯ ತಳದಲ್ಲಿ ಇದ್ದಿಲು ಸಿಕ್ಕರೆ ಆಗ ಪ್ರಯೋಜನವಿದೆ. ಕಾರ್ಬನ್ 14ರ ಅರ್ಧಾಯುಷ್ಯ 5,730 ವರ್ಷ, ಸುಮಾರು 50 ಸಾವಿರ ವರ್ಷದಾಚೆಗೆ ಅಳೆಯಲು ಏನೂ ಉಳಿದಿರುವುದಿಲ್ಲ. ವರದಿಯಲ್ಲಿ ‘ಇಂದಿಗಿಂತ ಹಿಂದೆ’ ಎಂದು ಬಂದರೆ ಅಲ್ಲಿ ಇಂದು ಅಂದರೆ ಕ್ರಿ.ಶ. 1950. ಆ ಅಂಕಿಯನ್ನು ಕ್ಯಾಲಿಬ್ರೇಟ್ ಮಾಡದೆ (ಕಾಲ ಗೊತ್ತಿರುವ ಮಾದರಿಗಳಿಗೆ ಹೊಂದಿಸಿ ತಿದ್ದದೆ) ಇಸವಿಯಾಗಿ ಬರೆಯಬಾರದು. ಮತ್ತೆ, ಅದು ಹೇಳುವುದು ಮರ ಬೆಳೆದ ಕಾಲ, ಉರಿದ ಕಾಲವಲ್ಲ. ಮುದಿ ಮರದ ತಿರುಳಿನ ಇದ್ದಿಲಾದರೆ ಎರಡಕ್ಕೂ ನಡುವೆ ಶತಮಾನವೇ ಇರಬಹುದು. ಅದಕ್ಕೇ ಒಂದೇ ವರ್ಷ ಬಾಳುವ ರಾಗಿ, ಹುರುಳಿಯಂಥ ಸುಟ್ಟ ಕಾಳು ಸಿಕ್ಕರೆ ಪುರಾತತ್ವದವರಿಗೆ ಹಬ್ಬ.

ಹಾಗಾದರೆ ಶಾಸನದ ಕಾಲ ನಿರ್ಧರಿಸುವುದು ಹೇಗೆ?

ಶಕವರ್ಷ ಇದ್ದರೆ 78 ಕೂಡಿಸಿ. ಬಾದಾಮಿಯ ಬಂಡೆಯ ಮೇಲಿನ ಪುಲಕೇಶಿಯ ಶಾಸನದಲ್ಲಿ ಶಕ 465 ಎಂದಿದೆ, ಅಂದರೆ 543. ಐಹೊಳೆಯ ರವಿಕೀರ್ತಿಯ ಶಾಸನ ಶಕ 556, ಅಂದರೆ 634–35. ವರ್ಷ ಚೈತ್ರದಲ್ಲಿ ಮೊದಲಾಗುವುದರಿಂದ ಮಾಘ, ಫಾಲ್ಗುಣದ ತಿಥಿಗಳಿಗೆ 79 ಕೂಡಿಸಬೇಕಾಗಬಹುದು. ಹೇಳಿದ ಶಕವರ್ಷ ಕಳೆದದ್ದೋ ನಡೆಯುತ್ತಿರುವುದೋ ಎಂಬ ತೊಡಕು ಇನ್ನೊಂದು. ಸಂವತ್ಸರದ ಹೆಸರು, ತಿಥಿ, ವಾರ, ಗ್ರಹಣ ಕೊಟ್ಟಿದ್ದರೆ ಎಲ್ಲವನ್ನೂ ಪಂಚಾಂಗದ ಲೆಕ್ಕಕ್ಕೆ ಹಚ್ಚಿ ನೋಡಿ. ಹೊಂದದಿದ್ದರೆ ಕೆತ್ತಿದವನ ತಪ್ಪಿರಬಹುದು, ನಿಮ್ಮ ಓದಿನ ತಪ್ಪಿರಬಹುದು, ಅಥವಾ ದಾನ ತಮ್ಮದೆಂದು ಸಾಧಿಸಲು ಆಮೇಲೆ ಯಾರೋ ಹುಟ್ಟಿಸಿದ ಕೂಟ ಶಾಸನವೂ ಇರಬಹುದು. ತಾಮ್ರಪಟಗಳಲ್ಲಿ ಇಂಥವು ಸಾಕಷ್ಟಿವೆ.

ತೇದಿಯೇ ಇಲ್ಲದಿದ್ದರೆ ಲಿಪಿಯ ಆಕಾರ, ಭಾಷೆ, ಅರಸರ ಹೆಸರು ನೋಡಬೇಕು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ‘ಸುಮಾರು 450’ ಎಂಬಲ್ಲಿನ ‘ಸುಮಾರು’ ಆ ಕಾರಣಕ್ಕೆ, ಅದನ್ನು ಬಿಟ್ಟು ಬರೆಯಬೇಡಿ.

ಮಾತಿನ ಮೇಲೆ ಸಂಶೋಧನೆ ಅಂದರೆ ವ್ಯಾಕರಣವೇ?

ವ್ಯಾಕರಣ ಅದರ ಒಂದು ಮೂಲೆ. ಮೊದಲ ಹೆಜ್ಜೆಯಲ್ಲಿ ಧ್ವನಿಗಳು. ‘ಹುಲಿ’, ‘ಹುಳಿ’ ಎರಡೂ ಒಂದೇ ಕಡೆ ಮಾತ್ರ ಬೇರೆಯಾಗಿ ಅರ್ಥ ಬದಲಾಯಿತು, ಹಾಗಾಗಿ ಕನ್ನಡದಲ್ಲಿ ಲ, ಳ ಎರಡು ಬೇರೆ ಧ್ವನಿಮಾಗಳು. ನೀವು ಅಧ್ಯಯನ ಮಾಡುವ ಆಡುಮಾತಿನಲ್ಲಿ ಈ ಜೋಡಿ ಒಂದೇ ಆಗಿಬಿಟ್ಟಿದೆಯೇ ಎಂದು ನೋಡಬೇಕು. ‘ಹುಲಿ ಅನ್ನಿ’ ಎಂದು ಹೇಳಿಕೊಟ್ಟು ಕೇಳಬೇಡಿ. ಹಾಗೆ ಹೇಳಿಸಿದರೆ ವಕ್ತೃ ನಿಮ್ಮ ಉಚ್ಚಾರವನ್ನೇ ಮರಳಿ ಕೊಡುತ್ತಾರೆ. ಚಿತ್ರ ತೋರಿಸಿ, ಇಲ್ಲವೇ ಅಡುಗೆಯ ಮಾತೆತ್ತಿ. ಪದ ತಾನಾಗಿ ಬರುತ್ತದೆ.

ಹಳಗನ್ನಡದ ‘ಪುಲಿ’, ‘ಪಾಲ್’ ಇವತ್ತು ಹುಲಿ, ಹಾಲು. ತುಳುವಿನಲ್ಲಿ ಈಗಲೂ ಪಿಲಿ, ತಮಿಳಿನಲ್ಲಿ ಪುಲಿ. ಕನ್ನಡದಲ್ಲಿ ಪಕಾರ ಹಕಾರವಾದದ್ದು ಯಾವ ಸೀಮೆಯಲ್ಲಿ, ಯಾವ ಕಾಲದಲ್ಲಿ ಎಂದು ತೋರಿಸಲು ಭಾಷಾವಿಜ್ಞಾನಿ ಹೋಗಬೇಕಾದದ್ದು ಅದೇ ತೂಬಿನ ಪಕ್ಕದ ಕಲ್ಲಿನ ಹತ್ತಿರ. ಕಾವ್ಯದ ಓಲೆಗರಿ ಪ್ರತಿಯಾದ ಪ್ರತಿಯಾಗಿ ಬಂದಿರುತ್ತದೆ, ಲಿಪಿಕಾರ ತನ್ನ ಕಾಲದ ರೂಪ ಸೇರಿಸಿರಬಹುದು. ಕಲ್ಲು ಕೆತ್ತಿದ ದಿನದಲ್ಲೇ ನಿಂತಿರುತ್ತದೆ.

ಸರ್ವೆಗೆ ಎಷ್ಟು ಜನ ಬೇಕು? ನಮ್ಮ ಗೈಡ್ 384 ಅನ್ನುತ್ತಾರೆ.

ಆ ಅಂಕಿ ಬರುವುದು ಒಂದು ಸೂತ್ರದಿಂದ: 95 ಶೇಕಡಾ ವಿಶ್ವಾಸ, 5 ಶೇಕಡಾ ಆಚೀಚೆ, ಉತ್ತರ ಅರ್ಧಕ್ಕರ್ಧ ಹಂಚಿಹೋಗಬಹುದೆಂಬ ಊಹೆ. 1.96ರ ವರ್ಗವನ್ನು 0.25ರಿಂದ ಗುಣಿಸಿ 0.0025ರಿಂದ ಭಾಗಿಸಿದರೆ 384.16. ಹೆಸರುಗಳ ಪೂರ್ತಿ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ ಅದಕ್ಕೆ ಅರ್ಥ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ 384 ಜನರನ್ನು ಕೇಳಿ ಸೂತ್ರ ಉಲ್ಲೇಖಿಸಿದರೆ ಪರೀಕ್ಷಕರು ನಗುತ್ತಾರೆ, ಅಥವಾ ನಗಬೇಕು. ತೂಬಿನ ಹತ್ತಿರದ ತಲೆಭಾಗದ ರೈತರಿಗೂ ಅಚ್ಚುಕಟ್ಟಿನ ಕೊನೆಯ ಬಾಲಭಾಗದ ರೈತರಿಗೂ ಹೋಲಿಕೆ ಬೇಕಿದ್ದರೆ ಎರಡೂ ಗುಂಪಿಗೆ ಬೇರೆ ಬೇರೆಯಾಗಿ ಸಾಕಷ್ಟು ಜನ ಬೇಕು.

ಪ್ರಶ್ನಾವಳಿಯಲ್ಲಿ ಎಡವುವ ಜಾಗಗಳು ಊರಿನವರಿಗೆಲ್ಲ ಗೊತ್ತು, ಸಂಶೋಧಕರಿಗೆ ಗೊತ್ತಿರುವುದಿಲ್ಲ. ಇಳುವರಿಯನ್ನು ‘ಹತ್ತು ಚೀಲ’ ಎನ್ನುತ್ತಾರೆ. ಚೀಲಕ್ಕೆ ಎಷ್ಟು ಕಿಲೋ ಎಂದು ಪ್ರತಿ ಮನೆಯಲ್ಲೂ ಕೇಳಿ. ಪಹಣಿ ಅಜ್ಜನ ಹೆಸರಿನಲ್ಲೇ ಇರುತ್ತದೆ, ಉಳುವವರು ಮೂವರು ಮೊಮ್ಮಕ್ಕಳು, ಇಲ್ಲವೇ ವಾರಕ್ಕೆ (ಬೆಳೆಯ ಪಾಲಿಗೆ) ಮಾಡುವ ಇನ್ನೊಬ್ಬರು. ಪಹಣಿಯಿಂದ ಆರಿಸಿದರೆ ವಾರದವರು ನಿಮ್ಮ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಮೊದಲು ಹದಿನೈದಿಪ್ಪತ್ತು ಮನೆಗಳಲ್ಲಿ ಪ್ರಶ್ನಾವಳಿಯನ್ನು ಹಚ್ಚಿ ನೋಡಿ, ಆಮೇಲೆ ಜೆರಾಕ್ಸ್ ಮಾಡಿಸಿ.

ಸಂದರ್ಶನ ರೆಕಾರ್ಡ್ ಮಾಡಲು ಒಪ್ಪಿಗೆ ಬರಹದಲ್ಲೇ ಬೇಕೇ?

ಕಾಗದಕ್ಕೆ ಹೆಬ್ಬೆಟ್ಟು ಎಂದರೆ ಹೆದರುವವರಿದ್ದಾರೆ, ಅದಕ್ಕೆ ಕಾರಣವೂ ಇದೆ. ಅಂಥ ಕಡೆ ಉದ್ದೇಶ ಹೇಳಿ, ಒಪ್ಪಿಗೆಯ ಮಾತನ್ನು ರೆಕಾರ್ಡಿನ ಮೊದಲಲ್ಲೇ ಹಿಡಿಯಲು ಅವಕಾಶವಿದೆಯೇ ಎಂದು ವಿಭಾಗದ ನೈತಿಕ ಸಮಿತಿಯಲ್ಲಿ ಮೊದಲೇ ಕೇಳಿಕೊಳ್ಳಿ. ಔಷಧಿಯ ಕ್ಲಿನಿಕಲ್ ಟ್ರಯಲ್‌ಗೆ ಈ ಸಡಿಲಿಕೆ ಇಲ್ಲ. ಅಲ್ಲಿ ಲಿಖಿತ ಒಪ್ಪಿಗೆ ಬೇಕು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ರಾಷ್ಟ್ರೀಯ ಟ್ರಯಲ್ ದಾಖಲೆಯಲ್ಲಿ ನೋಂದಣಿಯೂ ಆಗಬೇಕು. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ನಲವತ್ತು ಸಂದರ್ಶನ ಎಂದು ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಯೋಜನೆಯಲ್ಲಿ) ಬರೆಯುವ ಮುನ್ನ ಗುಣಿಸಿ ನೋಡಿ.

ಏನೂ ಉಪಯೋಗಕ್ಕೆ ಬಾರದ ಮೂಲವಿಜ್ಞಾನಕ್ಕೆ, ಸಿಗದೇ ಹೋಗುವ ವಸ್ತುವಿನ ಹುಡುಕಾಟಕ್ಕೆ ಪದವಿ ಕೊಡುತ್ತಾರೆಯೇ?

ಕೊಡುತ್ತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರೊಂದಿಗೆ ಡಿಟೆಕ್ಟರ್ ಕೂರಿಸಿದ್ದರು. ಮೇಲಿನಿಂದ ಸುರಿಯುವ ವಿಶ್ವಕಿರಣಗಳ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಎಲ್ಲವನ್ನೂ ದಾಟಿ ಬರುತ್ತದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ಸಿಕ್ಕಿತು. ಆಮೇಲೆ ಕೋಲಾರದಲ್ಲೇ ಪ್ರೋಟಾನ್ ಒಡೆಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಅದು ಒಡೆದದ್ದನ್ನು ಜಗತ್ತಿನಲ್ಲಿ ಇವತ್ತಿಗೂ ಯಾರೂ ದೃಢಪಡಿಸಿಲ್ಲ. ಆದರೆ ‘ಇಷ್ಟು ಕಾಲದೊಳಗೆ ಒಡೆಯುವುದಿಲ್ಲ’ ಎಂಬ ಮಿತಿ ಸಿಕ್ಕಿದ್ದರಿಂದ ಕೆಲವು ಸಿದ್ಧಾಂತಗಳು ಬಿದ್ದುಹೋದವು.

ಭೌತಶಾಸ್ತ್ರದಲ್ಲಿ ‘ಐದು ಸಿಗ್ಮಾ’, ನಮ್ಮಲ್ಲಿ 5 ಶೇಕಡಾ. ಯಾವುದು ಸರಿ?

ಎರಡೂ ಆಯಾ ಮನೆಯ ರೂಢಿ. ಐದು ಸಿಗ್ಮಾ ಅಂದರೆ ಬರೀ ಆಕಸ್ಮಿಕವಾಗಿ ಇಂಥ ಸಂಕೇತ ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು. 2012ರ ಜುಲೈ 4ರಂದು ಹಿಗ್ಸ್ ಎಂಬ ಮೂಲಕಣದ ಘೋಷಣೆ ಆದದ್ದು ಆ ಮಟ್ಟ ಮುಟ್ಟಿದ ಮೇಲೆ. ಕೋಟಿಗಟ್ಟಲೆ ಡಿಕ್ಕಿಗಳನ್ನು ಜಾಲಾಡುವವರಿಗೆ ಅಷ್ಟು ಬಿಗಿ ಬೇಕು, ಇಲ್ಲದಿದ್ದರೆ ವಾರಕ್ಕೊಂದು ಹೊಸ ಕಣ ಸಿಗುತ್ತದೆ. 5 ಶೇಕಡಾ ಅಂದರೆ ಅಂಥ ಸಾಧ್ಯತೆ ಇಪ್ಪತ್ತಕ್ಕೆ ಒಂದು. ಅದನ್ನಿಟ್ಟುಕೊಂಡು ಇಪ್ಪತ್ತು ಸಂಬಂಧಗಳನ್ನು ಪರೀಕ್ಷಿಸಿದರೆ ಸರಾಸರಿ ಒಂದು ಸುಮ್ಮನೆ ‘ಸಿಗ್ನಿಫಿಕಂಟ್’ ಆಗಿ ಬರುತ್ತದೆ. ಆ ಒಂದನ್ನೇ ಎತ್ತಿ ಲೇಖನ ಮಾಡುವವರು ಕಡಿಮೆಯೇನಿಲ್ಲ. ಗಣಿತದವರಿಗೆ ಈ ಗೋಜಿಲ್ಲ; ಸಾಧನೆ (ಪ್ರೂಫ್) ಇದೆ, ಇಲ್ಲವೇ ಇಲ್ಲ.

ಲೇಖನದಲ್ಲಿ ಮೊದಲ ಹೆಸರು ಯಾರದು?

ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ಗಣಿತದಲ್ಲಿ ಅಕ್ಷರಾನುಕ್ರಮ. ಸಾಹಿತ್ಯ, ಇತಿಹಾಸದಲ್ಲಿ ಹೆಚ್ಚಾಗಿ ಒಬ್ಬರೇ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಲೇಖನಕ್ಕೆ 5,154 ಲೇಖಕರಿದ್ದರು. ಸಂದರ್ಶನ ಸಮಿತಿಯಲ್ಲಿ ಕೂತವರು ಬೇರೆ ವಿಭಾಗದವರಾದರೆ ನಿಮ್ಮ ವಿಷಯದ ರೂಢಿಯನ್ನು ನೀವೇ ಹೇಳಿ.

ಮೂರು ವರ್ಷದಲ್ಲಿ ಮುಗಿಯುತ್ತದೆಯೇ?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ ಇನ್ನೆರಡು ಸಿಗಬಹುದು. ಮಹಿಳೆಯರಿಗೆ, 40 ಶೇಕಡಾಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು ವರ್ಷದ ರಿಯಾಯಿತಿ ಇದೆ. ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗಷ್ಟೇ ಗೈಡ್ ಆಗಬಹುದು. ‘ಸೀಟಿಲ್ಲ’ ಎನ್ನುವುದಕ್ಕೆ ಬಹುಪಾಲು ಕಾರಣ ಇದೇ.

ವಿಷಯಕ್ಕೆ ಈ ಲೆಕ್ಕ ಗೊತ್ತಿರುವುದಿಲ್ಲ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು; ಹೆಸರಿನಲ್ಲೇ ಎರಡೂ ನಾಡುಗಳಿವೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಅದನ್ನು ಕೂಡಿಸುವುದೇ ಒಂದು ಸಾಹಸ. ಕೂಡಿಸಿದ ಮೇಲೆ ಗುಣ ನಿಲ್ಲಲು ಆರೇಳು ಪೀಳಿಗೆ, ಆಮೇಲೆ ಹಲವು ಊರುಗಳಲ್ಲಿ ಹಲವು ವರ್ಷ ಪರೀಕ್ಷೆ. ತಳಿ ತರುತ್ತೇನೆಂದು ಸಿನಾಪ್ಸಿಸ್ ಬರೆಯಬೇಡಿ. ಒಂದು ಗುಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತದೆ ಎಂಬುದು ಮೂರು ವರ್ಷಕ್ಕೆ ಸಾಕು.

ಎರಡು ವಿಭಾಗ ಸೇರುವ ವಿಷಯ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಿ, ಆದರೆ ಪದವಿ ಒಂದೇ ವಿಭಾಗದ್ದು, ಪರೀಕ್ಷಕರೂ ಆ ವಿಭಾಗದವರೇ. ‘ಕೆರೆಯ ಇತಿಹಾಸ ಮತ್ತು ನೀರಿನ ಗುಣಮಟ್ಟ’ ಎಂಬ ಶೀರ್ಷಿಕೆಗೆ ಎರಡೂ ಕಡೆಯ ಪರೀಕ್ಷಕರು ‘ಇದು ನಮ್ಮದಲ್ಲ’ ಎನ್ನುತ್ತಾರೆ. ಮುಖ್ಯ ಪ್ರಶ್ನೆ ಇತಿಹಾಸದ್ದಾದರೆ ಹೂಳಿನ ವಿಶ್ಲೇಷಣೆಯನ್ನು ಒಂದು ಅಧ್ಯಾಯದ ಪುರಾವೆಯಾಗಿ ತನ್ನಿ, ಆ ವಿಷಯದ ಸಹ-ಮಾರ್ಗದರ್ಶಕರನ್ನು ಮೊದಲ ವರ್ಷವೇ ಹೊಂದಿಸಿಕೊಳ್ಳಿ.

ಟಿಪ್ಪಣಿಗಳನ್ನು ಎಲ್ಲಿಡಬೇಕು?

ಒಂದೇ ಜಾಗದಲ್ಲಂತೂ ಬೇಡ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಬಳಿಯ ಒಂದು ಹಳ್ಳಿಯಲ್ಲಿದ್ದು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಸಂಸ್ಕರಿಸಿ ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. ಮೂರೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದೇ ಕೋಣೆಯಲ್ಲಿದ್ದವು. 1970ರಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೂರೂ ಹೋದವು. ನೆನಪನ್ನೇ ಆಧರಿಸಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು, ಹೆಸರಾಯಿತು. ಎಲ್ಲರಿಗೂ ಅಂಥ ನೆನಪು ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದು, ಬೇರೆ ಊರಿನ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು ಇರಲಿ.

ಕೃತಿಚೌರ್ಯದ ತಪಾಸಣೆಯಲ್ಲಿ 10 ಶೇಕಡಾ ದಾಟಿದರೆ?

ಯುಜಿಸಿಯ 2018ರ ನಿಯಮದಲ್ಲಿ 10ರವರೆಗೆ ದಂಡವಿಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೇಲಾದರೆ ನೋಂದಣಿ ರದ್ದು. ಉಲ್ಲೇಖ ಚಿಹ್ನೆಯೊಳಗೆ ಆಕರ ಹೇಳಿ ಕೊಟ್ಟ ಮಾತು ಲೆಕ್ಕಕ್ಕಿಲ್ಲ, ಆದರೆ ತಂತ್ರಾಂಶಕ್ಕೆ ಅದನ್ನು ಬಿಡುವಂತೆ ಹೇಳಿರಬೇಕು. ಶಾಸನಪಾಠ, ಪದ್ಯಗಳು ತುಂಬಿರುವ ಕನ್ನಡ ಥೀಸಿಸ್‌ಗಳಲ್ಲಿ ಅಂಕಿ ಏರುವುದು ಹೆಚ್ಚಾಗಿ ಇದರಿಂದಲೇ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಿರುಗಿಸಿ ಹೆಸರು ಹೇಳದೆ ಸೇರಿಸಿದರೆ ತಂತ್ರಾಂಶ ಹಿಡಿಯದೇ ಇರಬಹುದು. ಅದನ್ನು ಬರೆದವರೇ ಪರೀಕ್ಷಕರಾಗಿ ಬಂದರೆ ಹಿಡಿಯುತ್ತಾರೆ.

ಕನ್ನಡದಲ್ಲಿ ಬರೆದ ಥೀಸಿಸ್ ಶೋಧಗಂಗಾದಲ್ಲಿದ್ದರೂ (ಥೀಸಿಸ್‌ಗಳ ಆನ್‌ಲೈನ್ ಭಂಡಾರದಲ್ಲಿದ್ದರೂ) ಹುಡುಕಿದರೆ ಸಿಗುವುದಿಲ್ಲ. ಯಾಕೆ?

ಎರಡು ಕಾರಣ. ಒಂದು, ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಏರಿಸಿರುತ್ತಾರೆ, ಅದು ಬರೀ ಚಿತ್ರ. ಇನ್ನೊಂದು, ಡಿಟಿಪಿಯವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ, ಗೊತ್ತಾಗುತ್ತದೆ. ಮೊದಲ ಅಧ್ಯಾಯದಿಂದಲೇ ಯೂನಿಕೋಡಿನಲ್ಲಿ ಬರೆಯುವುದು ಸುಲಭದ ದಾರಿ. ಆಗಲೇ ಆಸ್ಕಿಯಲ್ಲಿ ಆಗಿಹೋಗಿದ್ದರೆ ಪರಿವರ್ತಕದಿಂದ ಬದಲಿಸಿ, ಅರ್ಕಾವೊತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ, ತಪ್ಪುವುದು ಅಲ್ಲೇ. ಹಳಗನ್ನಡದ ಱ, ೞ ಬಳಸಿದವರು ಆ ಎರಡು ಅಕ್ಷರಗಳನ್ನು ಹುಡುಕಿ ಎಣಿಸಿ, ಮೂಲ ಪ್ರತಿಯ ಎಣಿಕೆಯೊಂದಿಗೆ ಹೋಲಿಸಿ. ಶೀರ್ಷಿಕೆಯನ್ನು ಅಪ್‌ಲೋಡ್ ಮಾಡುವಾಗ ಕನ್ನಡ ಲಿಪಿಯಲ್ಲೇ ತುಂಬಿಸಲು ಗ್ರಂಥಾಲಯದವರಿಗೆ ಹೇಳಿ, ಅವರು ತುಂಬುವಾಗ ಪಕ್ಕದಲ್ಲಿ ನಿಂತಿರಿ.